ಹಿಂದಿನ ಎಡಗಡೆ ಟೈರು

ಜೂನ್ 12, ಗುರುವಾರ. ತರೀಕೆರೆ

ಬರೆಯೋ ಅಭ್ಯಾಸ ಕಾಲೇಜಿಗೇ ಬಿಟ್ಟುಹೋಗಿತ್ತು. ಈಗ ಈ ಮನೆಯಲ್ಲಿ ಯಾರ ಹತ್ತಿರ ಏನು ಹೇಳಿದರೂ ಅದು ಇನ್ನೊಬ್ಬರ ಕಿವಿ ಮುಟ್ಟುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಭಾನುವಾರ ಕೆಮ್ಮಣ್ಣುಗುಂಡಿಯಿಂದ ಇಳಿಯುವಾಗ ಇವರ ಪಿಕಪ್ಪಿನ ಹಿಂದಿನ ಎಡಗಡೆ ಟೈರು ಒಡೆದು ಗಾಡಿ ರಸ್ತೆ ಪಕ್ಕದ, ಗುಡ್ಡ ಕಡಿದ ದರೆಗೆ ಬಡಿಯಿತು. ಹಿಂದೆ ಒಂದು ಕಾರು ಕಟ್ಟಿಕೊಂಡಿದ್ದರು. ಬೆಟ್ಟದಲ್ಲಿ ಕೆಟ್ಟು ನಿಂತ ಟೂರಿಸ್ಟ್ ಕಾರುಗಳನ್ನ ಎಳೆದು ತರೋದೇ ಇವರ ಕೆಲಸ. ದರೆ ಕಡೆ ತಿರುಗಿದ್ದಕ್ಕೆ ಜೀವ ಉಳಿಯಿತು. ಇನ್ನೊಂದು ಕಡೆ ಏನಿದೆ ಅಂತ ಆ ರಸ್ತೆ ಹತ್ತಿದವರಿಗೆಲ್ಲ ಗೊತ್ತು. ಕಾರಿನ ಸ್ಟೇರಿಂಗ್ ಹಿಡಿದು ಕೂತಿದ್ದ ಓನರ್‌ಗೆ ಏನೂ ಆಗಲಿಲ್ಲ. ಇವರ ಬಲಗಾಲು ಮೊಣಕಾಲಿನ ಕೆಳಗೆ ಮುರಿದು, ಒಳಗೆ ರಾಡ್ ಹಾಕಿದ್ದಾರೆ. ಆಸ್ಪತ್ರೆ ಕಾಗದದಲ್ಲಿ ಇವರ ಹೆಸರು ಹೇಮಂತ ಕುಮಾರ ಅಂತ ಬರೆದಿದ್ದರು. ಬರೀ ಹೇಮಂತ್ ಅಂತ ತಿದ್ದಿಸಿದೆ. ಹೆಸರನ್ನೇ ಸರಿಯಾಗಿ ಬರೆಯದವರು ಕಾಲನ್ನ ಸರಿಯಾಗಿ ಕೂರಿಸಿದ್ದಾರೆ ಅಂತ ಹೇಗೆ ನಂಬೋದು?

ಕಲ್ಲು ಹೊಡೆದು ಟೈರು ಒಡೆಯಿತು ಅಂತಾರೆ ಇವರು. ಆದರೆ ಆ ಕಾರಿನವರು ಆರೋಗ್ಯ ವಿಚಾರಿಸಲು ಫೋನ್ ಮಾಡಿದಾಗ, ಒಡೆಯೋದಕ್ಕೆ ಎಷ್ಟೋ ಮುಂಚಿನಿಂದ ರಬ್ಬರ್ ಸುಟ್ಟ ವಾಸನೆ ಬರ್ತಿತ್ತು ಮೇಡಂ ಅಂದರು. ಇವರಿಗೆ ಹೇಳಿದೆ. ಅವನಿಗೇನು ಗೊತ್ತು ಅಂದು ಕಣ್ಣು ಮುಚ್ಚಿಕೊಂಡರು.

ಗಾಡಿ ಮಾರಿಬಿಡಬೇಕು. ಇವರ ಗಾಡಿ, ಇವರ ಬೆಟ್ಟ. ನನಗೆ ಅದರ ಮುಖ ನೋಡೋದೂ ಬೇಡ.

ಜೂನ್ 15, ಭಾನುವಾರ

ಅಜ್ಜಂಪುರದಿಂದ ರವಿಕುಮಾರ ಭಾವ ಬಂದಿದ್ದರು, ಇವರ ಅಣ್ಣ. ಅಲ್ಲಿ ಅವರ ಗ್ಯಾರೇಜಿದೆ, ಗಾಡಿಯನ್ನ ಅಲ್ಲಿಗೇ ಎಳೆಸಿಕೊಂಡು ಹೋಗಿದ್ದಾರೆ. ಕಾಫಿ ಲೋಟ ಕೆಳಗಿಡೋ ಮುಂಚೆಯೇ, ರಿಪೇರಿ ನಾನು ನೋಡ್ಕೋತೀನಿ, ಟೈರೂ ನಾನೇ ಹಾಕಿಸ್ತೀನಿ, ನೀನು ತಲೆ ಕೆಡಿಸ್ಕೋಬೇಡಮ್ಮ ಅಂದರು. ನಾನು ತಲೆ ಕೆಡಿಸಿಕೊಂಡಿದ್ದೇನೆ ಅಂತ ಯಾರು ಹೇಳಿದ್ದು ಇವರಿಗೆ?

ಒಡೆದ ಟೈರು ಹೇಗಾಗಿದೆ ಭಾವ, ಒಂದ್ಸಲ ನೋಡಬೇಕು ಅಂದೆ. ಅವರು ನನ್ನನ್ನು ನೋಡಲಿಲ್ಲ. ಮಂಚದ ಮೇಲಿದ್ದ ತಮ್ಮನನ್ನು ನೋಡಿದರು. ಇವರು ಫ್ಯಾನ್ ನೋಡಿದರು. ಅತ್ತೆ ಉಪ್ಪಿಟ್ಟು ತಂದದ್ದರಿಂದ ಮಾತು ಅಲ್ಲಿಗೇ ನಿಂತಿತು. ನನ್ನ ಮನಸ್ಸಿನಲ್ಲಿ ಮಾತ್ರ ಆ ನೋಟ ನಿಂತಿಲ್ಲ, ಓಡುತ್ತಲೇ ಇದೆ.

ಜೂನ್ 19, ಗುರುವಾರ

ಬೀರೂರಿಗೆ ಹೋಗಿಬರುತ್ತೇನೆ ಅಂತ ಅತ್ತೆಗೆ ಹೇಳಿ ಅಜ್ಜಂಪುರದ ಬಸ್ಸು ಹತ್ತಿದೆ.

ಗಾಡಿ ಗ್ಯಾರೇಜಿನ ಹಿಂಭಾಗದಲ್ಲಿ ನಿಂತಿತ್ತು. ಮುಂದಿನ ಬಂಪರ್ ಒಳಗೆ ಹೋಗಿದೆ. ಹಿಂದೆ ಎಡಗಡೆ ಚಕ್ರ ಇರೋ ಜಾಗದಲ್ಲಿ ಮರದ ದಿಮ್ಮಿ ಕೊಟ್ಟಿದ್ದಾರೆ. ಒಡೆದ ಟೈರು ಎಲ್ಲಿ ಭಾವ ಅಂದೆ. ಚೂರು ಚೂರಾಗಿತ್ತು ಕಣಮ್ಮ, ಬಿಸಾಕ್ದೆ ಅಂದರು. ಆ ಗ್ಯಾರೇಜಿನಲ್ಲಿ ಯಾರೂ ಏನನ್ನೂ ಬಿಸಾಕಿದ್ದನ್ನು ನಾನು ನೋಡಿಲ್ಲ. ಅವರ ಮದುವೆಗೂ ಮುಂಚಿನ ಅಂಬಾಸಿಡರ್ ಬಾಗಿಲು ಇನ್ನೂ ಗೋಡೆಗೆ ಒರಗಿಕೊಂಡಿದೆ. ಈ ಒಂದು ಟೈರನ್ನು ಮಾತ್ರ ಬಿಸಾಕಿದರಂತೆ.

ಆಮೇಲೆ ಟಾರ್ಪಾಲು ಎತ್ತಿ ನಾಲ್ಕು ಟೈರು ತೋರಿಸಿದರು. ಈಗಾಗಲೇ ತಂದಿಟ್ಟಿದ್ದಾರೆ! ಹೊಸದರಂಗೇ ಇದಾವೆ, ನೋಡು ಬಟನ್ ಹೆಂಗಿದೆ ಅಂದರು. ಬಟನ್, ಅಂದರೆ ರಸ್ತೆಗೆ ತಾಗೋ ಮೇಲಿನ ಹಲ್ಲು, ಚೆನ್ನಾಗಿಯೇ ಇತ್ತು. ಆದರೆ ಬಟನ್ನಿನ ಕಪ್ಪು ಬೇರೆ, ಟೈರಿನ ಪಕ್ಕದ ಗೋಡೆಯ ಕಪ್ಪು ಬೇರೆ. ಸವೆದ ಟೈರಿನ ಮೇಲೆ ಹೊಸ ರಬ್ಬರ್ ಅಂಟಿಸಿದ ರಿಸೋಲ್ ಟೈರು ಅವು. ಅಪ್ಪನ ಟ್ರೇಲರಿಗೆ ಅಂಥವನ್ನು ಹಾಕಿದ್ದು ನೋಡಿದ್ದೇನೆ. ನೋಡೋಣ ಭಾವ ಅಂದು ಬಂದೆ.

ಹೋದ ವರ್ಷ ಇವರ ಗಾಡಿಗೆ ಟೈರು ಹಾಕಿಸಿದ್ದೂ ಭಾವನೇ.

ಜೂನ್ 21, ಶನಿವಾರ

ಹೋದ ವರ್ಷ ಅಣ್ಣ ಹಾಕಿಸಿದ್ದು ಹೊಸ ಟೈರಾ, ರಿಸೋಲಾ ಅಂತ ಕೇಳಿದೆ. ಕುಡಿಯೋಕೆ ನೀರು ಕೊಡು ಅಂದರು. ಕೊಟ್ಟೆ. ಕುಡಿದು ಗೋಡೆ ಕಡೆ ತಿರುಗಿದರು.

ಜೂನ್ 24, ಮಂಗಳವಾರ

ಮಾರೋದಾದರೂ ಗಾಡಿಗೆ ಟೈರು ಬೇಕೇ ಬೇಕು, ಇಲ್ಲದಿದ್ದರೆ ಗುಜರಿ ಬೆಲೆಗೆ ಕೇಳುತ್ತಾರೆ. ಭಾವನನ್ನು ಕೇಳದೆ ನಾನೇ ವಿಚಾರಿಸೋಣ ಅಂತ ಕಡೂರಿಗೆ ಹೋದೆ. ಬಿ.ಎಚ್. ರೋಡಿನಲ್ಲಿ ಶಿವಮೂರ್ತಪ್ಪ ಅನ್ನೋರ ಟೈರಿನ ಅಂಗಡಿ. ವಯಸ್ಸಾದವರು, ಹಣೆಗೆ ವಿಭೂತಿ, ಬಾಯಿ ತುಂಬ ಮಾತು. ಇಷ್ಟು ಮಾತಾಡೋರು ಏನನ್ನಾದರೂ ಮುಚ್ಚಿಡೋಕೇ ಮಾತಾಡುತ್ತಾರೆ ಅಂತ ನನ್ನ ಅನಿಸಿಕೆ. ಯಾವ ರಸ್ತೆ, ಏನು ಎಳೀತೀರಿ, ಯಾರು ಓಡಿಸೋದು ಅಂತ ಅವರೇ ನನ್ನನ್ನು ವಿಚಾರಣೆ ಮಾಡಿದರು.

ಆದರೂ ಹೇಳಿದ್ದರಲ್ಲಿ ಹುರುಳಿತ್ತು. ಅಳತೆಗೆ ನೋಡಿದರೆ ದೊಡ್ಡ ಕಾರಿನ ಟೈರೂ ಪಿಕಪ್ಪಿಗೆ ಕೂರುತ್ತದಂತೆ. ಆದರೆ ಇಳಿಜಾರಿನಲ್ಲಿ ಹಿಂದೆ ಕಟ್ಟಿದ ಕಾರು ಮುಂದಿನ ಗಾಡಿಯನ್ನ ತಳ್ಳುತ್ತದೆ. ಟೈರಿನ ಗೋಡೆ ಮೆತ್ತಗಿದ್ದರೆ ಗಾಡಿಯ ಹಿಂಭಾಗ ಆಡೋಕೆ ಶುರುವಾಗುತ್ತದೆ. ಅದಕ್ಕೆ ಲೋಡ್ ಗಾಡಿಗೆ ಅಂತಲೇ ಮಾಡಿದ, ಗಟ್ಟಿ ಗೋಡೆಯ ಟೈರೇ ಬೇಕು. ನೈಲಾನ್ ಟೈರು ಕಲ್ಲುದಾರಿಗೆ ಗಟ್ಟಿ, ಆದರೆ ಒದ್ದೆ ಟಾರಿನ ಮೇಲೆ ರೇಡಿಯಲ್ ಹಿಡಿದಷ್ಟು ಹಿಡಿಯಲ್ಲ. ಗಾಳಿ ಕಮ್ಮಿ ಇಟ್ಟು ಭಾರ ಎಳೆದರೆ ಎಂಥ ಟೈರಾದರೂ ಒಳಗೇ ಬೆಂದು, ಗೋಡೆ ಸುತ್ತಲೂ ಹರಿಯುತ್ತದೆ. ಕಲ್ಲು ಹೊಡೆದರೆ ಹೊಡೆದ ಕಡೆ ಮಾತ್ರ ಹರಿಯುತ್ತದೆ.

ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ಯಾವ ವಾರ, ಕೊನೆಯೆರಡು ಯಾವ ವರ್ಷ ತಯಾರಾಯಿತು ಅನ್ನೋದು. ಅದನ್ನೂ ಅವರೇ ಹೇಳಿಕೊಟ್ಟರು. ಆಮೇಲೆ, ನನಗೆ ಕೊಡೋಕೆ ಅಂತ ಅವರು ತೆಗೆದಿಟ್ಟ ನಾಲ್ಕು ಟೈರುಗಳನ್ನು ಬಗ್ಗಿ ನೋಡಿದೆ. ಎರಡು ಈ ವರ್ಷದವು, ಎರಡು ನಾಲ್ಕು ವರ್ಷ ಹಳೆಯವು. ಕೇಳಿದ್ದಕ್ಕೆ, ನೆರಳಲ್ಲೇ ಇಟ್ಟಿದ್ದು ಕಣ್ರೀ, ಏನಾಗಲ್ಲ ಅಂತ ನಕ್ಕರು. ಕಲಿಸಿದವರನ್ನೇ ಪರೀಕ್ಷೆ ಮಾಡಬೇಕಾದ ಕಾಲ. ಬರಿಗೈಯಲ್ಲಿ ಬಂದೆ.

ಜೂನ್ 30, ಸೋಮವಾರ

ನಮ್ಮೂರಿನ ಹೊಸ ಟೈರು ಶೋರೂಮಿಗೆ ಹೋದೆ. ಎ.ಸಿ. ಇದೆ, ಕುರ್ಚಿ ಇದೆ. ಅಗಲ ಟೈರು ಹಾಕ್ಸಿ, ಲುಕ್ ಬರುತ್ತೆ ಅಂದ ಅಲ್ಲಿನ ಹುಡುಗ. ಎಷ್ಟು ಭಾರ ತಡೆಯುತ್ತೆ, ಲೋಡ್ ನಂಬರ್ ಎಷ್ಟು ಅಂತ ಕೇಳಿದೆ. ಸಾರನ್ನ ಕರ್ಕೊಂಡು ಬನ್ನಿ ಮೇಡಂ, ಅವರಿಗೆ ಹೇಳ್ತೀನಿ ಅಂದ. ಎದ್ದು ಬಂದೆ.

ಜುಲೈ 4, ಶುಕ್ರವಾರ

ಮಳೆ ಬಿಟ್ಟೂ ಬಿಡದೆ ಹಿಡಿದಿದೆ. ಕೂತು ಯೋಚನೆ ಮಾಡಿದೆ. ಹೋದ ವರ್ಷ ಭಾವ ಹೊಸ ಟೈರು ಅಂತ ಹೇಳಿ ರಿಸೋಲ್ ಹಾಕಿಸಿದ್ದಾರೆ. ಈಗ ಅದು ಒಡೆದು ತಮ್ಮನ ಕಾಲು ಮುರಿದದ್ದರಿಂದ ಟೈರನ್ನೇ ಮಾಯ ಮಾಡಿದ್ದಾರೆ. ಇವರಿಗೂ ಗೊತ್ತು. ಅಣ್ಣನ ಮರ್ಯಾದೆ ಉಳಿಸೋಕೆ ಕಲ್ಲಿನ ಕಥೆ ಹೇಳುತ್ತಿದ್ದಾರೆ. ಎಲ್ಲಾ ಸರಿಯಾಗಿ ಕೂರುತ್ತದೆ.

ಅಣ್ಣ ತಮ್ಮ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಬಟ್ಟೆ ಮಡಿಸೋಕೆ ಅಂತ ಆ ರೂಮಿಗೆ ಹೋದ ಕೂಡಲೇ, ಮಳೆ ಹೆಂಗಿದೆ ಅಲ್ಲಿ ಅಂತ ಕೇಳಿದರು. ಅಜ್ಜಂಪುರದ ಮಳೆಯ ಮೇಲೆ ಇವರಿಗೆ ಯಾವಾಗಿನಿಂದ ಇಷ್ಟು ಅಕ್ಕರೆ?

ಜುಲೈ 9, ಬುಧವಾರ

ಟೈರು ಸಿಕ್ಕಿತು.

ಗ್ಯಾರೇಜಿಗೆ ಹೋದಾಗ ಭಾವ ಇರಲಿಲ್ಲ. ಹಿಂದಿನ ಮನೆಯಿಂದ ವಾರಗಿತ್ತಿ ಮಧುಶ್ರೀ ಅಕ್ಕ ಹೊರಗೆ ಬಂದರು. ಯಾವತ್ತೂ ಕಾಫಿ ಕುಡೀತೀಯಾ ಅಂತ ಕೇಳೋರು ಇವತ್ತು ಕೇಳಲಿಲ್ಲ.

"ನಮ್ಮೋರ ಮೇಲೆ ಅನುಮಾನ ಪಡ್ತಿದೀಯ ಅಂತ ನನಗೆ ಗೊತ್ತಾಗಲ್ವ ಭವ್ಯಾ? ಕಡೂರಿಗೆ ಹೋಗಿ ವಿಚಾರಿಸಿದ್ದೂ ಗೊತ್ತು. ಬಾ ಇಲ್ಲಿ" ಅಂದರು.

ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಮೂಲೆಯಲ್ಲಿದ್ದ ರಾಗಿ ಹುಲ್ಲು ಸರಿಸಿದರು. ನಾನೇ ಹೊರಗೆ ಉರುಳಿಸಿದೆ. ಉರುಳಲಿಲ್ಲ, ಮಡಿಚಿಕೊಂಡು ಬಿತ್ತು. ಚೂರು ಚೂರೇನೂ ಆಗಿರಲಿಲ್ಲ. ಗೋಡೆ ಮಾತ್ರ ಸುತ್ತಲೂ, ಚಾಕು ಹಾಕಿ ಕುಯ್ದ ಹಾಗೆ ಹರಿದಿತ್ತು. ಒಳಗೆ ಕೈ ಹಾಕಿದೆ. ಕಪ್ಪು ಪುಡಿ, ರಬ್ಬರಿನದೇ ಪುಡಿ, ಮುಷ್ಟಿ ತುಂಬ ಬಂತು. ಎರಡು ಅಂಚು ಸವೆದು ನಡುವಿನ ಬಟನ್ ಹಾಗೇ ಇತ್ತು. ಅಂಕಿ ನೋಡಿದೆ, ಹೋದ ವರ್ಷದ್ದೇ. ರಿಸೋಲ್ ಅಲ್ಲ. ಲೋಡ್ ಟೈರೇ. ಬಟನ್ನಿನ ಸಂದಿಯಲ್ಲಿ ಒಂದು ಮೊಳೆ, ಅದರ ತಲೆ ರಸ್ತೆಗೆ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು. ಎಷ್ಟೋ ದಿನದಿಂದ ಅಲ್ಲೇ ಇದ್ದ ಮೊಳೆ.

ಭಾವ ಬಂದರು. ನನ್ನ ಕೈ ನೋಡಿ ಅಲ್ಲೇ ನಿಂತರು. ಹೆಂಡತಿಯನ್ನು ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ.

"ಅವನೇ ಬಚ್ಚಿಡು ಅಂದಿದ್ದು ಕಣಮ್ಮ. ಆಂಬ್ಯುಲೆನ್ಸಿಂದ ಇಳಿಸೋವಾಗ ಅದೊಂದೇ ಮಾತು, ಅಣ್ಣಾ ಆ ಟೈರು ಭವ್ಯಂಗೆ ತೋರಿಸ್ಬೇಡ ಅಂತ. ಹಿಂದಿನ ದಿನ ನೀನು ಹೇಳಿದ್ಯಂತೆ."

ನಾನು ಏನು ಹೇಳಿದ್ದೆ ಅಂತ ಬಸ್ಸಿನಲ್ಲಿ ಬರುವಾಗ ನೆನಪಾಯಿತು. ಶನಿವಾರ ಸಂಜೆ ಬಟ್ಟೆ ಒಣಗಿಸುತ್ತಾ, ಗಾಡಿ ಒಂದು ಕಡೆ ವಾಲಿದೆಯಲ್ಲ ಅಂದಿದ್ದೆ. ಜಗುಲಿ ಮೇಲಿಂದ ನೋಡಿದರೆ ನಿನಗೆ ಹಂಗೇ ಕಾಣುತ್ತೆ ಅಂತ ಇವರು ನಕ್ಕಿದ್ದರು.

ಜುಲೈ 10, ಗುರುವಾರ

ಇವತ್ತು ಇವರಿಗೆ ಅತ್ತೆ ಬಡಿಸಿದರು.

ಜುಲೈ 12, ಶನಿವಾರ

ಮಧ್ಯಾಹ್ನ ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಮೊಳೆ ತಂದಿದ್ದೆ, ಮಂಚದ ಮೇಲೆ ಇಟ್ಟೆ. ಇವರು ಅದನ್ನೇ ನೋಡುತ್ತಾ ಕೂತರು.

ಕೊನೆಗೆ ಹೇಳಿದರು. ಟೈರು ಒಡೆಯೋದಕ್ಕೂ ಒಂದು ವಾರ ಮುಂಚಿನಿಂದ ಅದರ ಗಾಳಿ ಇಳಿಯುತ್ತಿತ್ತು. ಪಂಕ್ಚರ್ ಹಾಕಿಸೋಕೆ ಗಾಡಿ ನಿಲ್ಲಿಸಬೇಕು. ಸೀಸನ್ನು, ಫೋನಿನ ಮೇಲೆ ಫೋನು, ಇವತ್ತು ನಾಳೆ ಅಂತ ತಳ್ಳಿದರು. ದಿನಾ ಬೆಳಿಗ್ಗೆ ಗಾಳಿ ಹೊಡೆಸಿಕೊಂಡು ಹೋಗುತ್ತಿದ್ದರು. ಆ ಭಾನುವಾರ ಅದನ್ನೂ ಮಾಡಲಿಲ್ಲ.

"ಆವತ್ತು ನಾನೂ ಬರೋಳಿದ್ದೆ" ಅಂದೆ.

ಕಲ್ಲತ್ತಿಗಿರಿಯಲ್ಲಿ ಇಳಿದು, ವೀರಭದ್ರಸ್ವಾಮಿಗೆ ಹಣ್ಣುಕಾಯಿ ಮಾಡಿಸಿಕೊಂಡು, ಇವರು ಇಳಿಯುವಾಗ ಹತ್ತಿಕೊಂಡು ಬರೋದು ಅಂತ ಮಾತಾಗಿತ್ತು. ಅತ್ತೆಗೆ ಜ್ವರ ಬಂದದ್ದರಿಂದ ಮನೆಯಲ್ಲೇ ಉಳಿದೆ.

"ಗೊತ್ತು" ಅಂದರು. "ನೀನು ಆ ಸೀಟಲ್ಲಿ ಕೂತಿದ್ದಂಗೇ ಕಾಣುತ್ತೆ ನನಗೆ. ಕಣ್ಣು ಮುಚ್ಚಿದ್ರೂ ಅದೇ. ಅದಕ್ಕೇ ತೋರಿಸ್ಬೇಡ ಅಂದೆ" ಅಂದರು.

ಅಳು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಸಿಟ್ಟು. ಇಷ್ಟು ದಿನ ಹುಡುಕಿದ ಕಳ್ಳ ಮಂಚದ ಮೇಲೇ ಮಲಗಿದ್ದ, ನಾನೇ ಅವನಿಗೆ ಗಂಜಿ ಕುಡಿಸುತ್ತಿದ್ದೆ. ಒಂದು ಮೊಳೆ ಮುಚ್ಚಿಟ್ಟವರು ಇನ್ನೇನೇನು ಮುಚ್ಚಿಟ್ಟಿದ್ದಾರೋ. ಗಾಡಿ ಕೀ ಎಲ್ಲಿದೆ ಅಂತ ಕೇಳಿದೆ. ಅಣ್ಣನ ಹತ್ರ ಅಂದರು. ಯಾಕೆ ಅಂತ ಕೇಳಲಿಲ್ಲ.

ಜುಲೈ 19, ಶನಿವಾರ

ಗಾಡಿಯ ಬಂಪರು, ಹಿಂದಿನ ಆಕ್ಸಲ್ ಎರಡೂ ರಿಪೇರಿಯಾಗಿವೆ. ಎಡಗಡೆಗೆ ಸ್ಟೆಪ್ನಿ ಹಾಕಿಕೊಂಡು ಭಾವ ಕಡೂರಿನವರೆಗೂ ನಿಧಾನಕ್ಕೆ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಆ ರಿಸೋಲು ಬೇಡ ಅಂದಿದ್ದಕ್ಕೆ ಅವರಿಗೆ ಬೇಜಾರಾಗಿದೆ. ಟ್ರೇಲರಿಗೆ ಹಾಕ್ಕೊಳ್ಳಿ ಭಾವ, ಬೆಟ್ಟಕ್ಕೆ ಬೇಡ ಅಂದಿದ್ದೆ. ಅವರು ಕಳ್ಳರಲ್ಲ, ಸರಿ. ಕಳ್ಳರಲ್ಲ ಅಂದ ಮಾತ್ರಕ್ಕೆ ಅವರು ತಂದ ಟೈರು ಒಳ್ಳೆಯದಾಗಲ್ಲ.

ಶಿವಮೂರ್ತಪ್ಪನವರಿಗೆ ನನ್ನ ಗುರುತು ಸಿಕ್ಕಿತು. ಈ ಸಲ ನಾಲ್ಕೂ ಒಂದೇ ಕಂಪನಿ, ಒಂದೇ ವರ್ಷ ಇರಬೇಕು, ಗೋಡೌನಿಂದ ಇಳಿಸೋ ಮುಂಚೆ ನಾನು ನೋಡಬೇಕು ಅಂದೆ. ಮೇಡಂಗೆ ಚೇರ್ ಹಾಕ್ರೋ ಅಂದರು. ಕೂರಲಿಲ್ಲ. ಕೂತರೆ ಹಿಂದಿನಿಂದ ಬೇರೆ ಟೈರು ಬರಬಹುದು. ಮೊಬೈಲ್ ಲೈಟು ಬಿಟ್ಟುಕೊಂಡು ಒಂದೊಂದನ್ನೇ ಓದಿದೆ. ಲೋಡ್ ರೇಡಿಯಲ್, ಒದ್ದೆ ರಸ್ತೆಗೆ ಉದ್ದುದ್ದ ಆಳದ ಗೀರು ಇರೋವು. ಕೆಸರು ಟೈರನ್ನೂ ತೋರಿಸಿದರು, ನೋಡೋಕೆ ಭಾರಿ ಚೆಂದ. ನಾವು ಎಳೆಯೋದು ಟಾರಿನ ಮೇಲೆ, ಕೆಸರಿನಲ್ಲಲ್ಲ ಅಂದೆ. ಹಳೆಯದರಲ್ಲಿ ಚೆನ್ನಾಗಿದ್ದ ಒಂದು ಸ್ಟೆಪ್ನಿಗೆ ಉಳಿಯಿತು.

ಫಿಟ್ ಮಾಡಿ ಗಾಳಿ ಹೊಡೆದಾದ ಮೇಲೆ ಗಾಳಿ ಅಳೆಯೋ ಗೇಜ್ ಕೇಳಿ ನಾನೇ ಇನ್ನೊಮ್ಮೆ ಹಿಡಿದು ನೋಡಿದೆ. ಒಂದರಲ್ಲಿ ಕಮ್ಮಿ ಇತ್ತು. ಒಂದೇ ಒಂದರಲ್ಲಿ, ಅದೂ ಹಿಂದಿನದರಲ್ಲಿ. ಯಾಕೆ? ಹುಡುಗ ಮರೆತೆ ಅಕ್ಕಾ ಅಂದ. ಇರಬಹುದು. ಒಂದು ಗೇಜ್ ಕೊಂಡು ಬ್ಯಾಗಿಗೆ ಹಾಕಿಕೊಂಡೆ.

ಗಾಡಿ ಮಾರಿಸಿಕೊಡೋರಿಗೆ ಹೇಳಬೇಕು ಅಂತ ಅಂದುಕೊಂಡಿದ್ದೆ, ಹೇಳಿಲ್ಲ. ಮಳೆಗಾಲದಲ್ಲಿ ಒಳ್ಳೆ ಬೆಲೆ ಬರಲ್ಲ.

ಜುಲೈ 27, ಭಾನುವಾರ. ದೇವನೂರು

ಅಪ್ಪನ ಮನೆ. ನನ್ನ ಗಾಡಿ ನೋಡಿ ಅಪ್ಪ ಮೊದಲು ಸುತ್ತಲೂ ಒಂದು ಸುತ್ತು ಬಂದರು, ಆಮೇಲೆ ಹೇಗಿದೀಯ ಅಂದರು. ಮದುವೆಗೆ ಮುಂಚೆ ಇದೇ ಹೊಲದಲ್ಲಿ ಅವರ ಟ್ರಾಕ್ಟರಿಗೆ ಟ್ರೇಲರ್ ಕಟ್ಟಿಕೊಂಡು ತೆಂಗಿನಕಾಯಿ ಹೇರಿ ತರುತ್ತಿದ್ದೆ. ಲೈಸೆನ್ಸ್ ಆಗಿನದೇ, ರಿನ್ಯೂ ಆಗಿದೆ. ಆ ಟ್ರೇಲರನ್ನೇ ಪಿಕಪ್ಪಿಗೆ ಕಟ್ಟಿ, ಕಲ್ಲು ತುಂಬಿ, ಕೆರೆ ಏರಿ ಹತ್ತಿಸಿ ಇಳಿಸಿದೆ. ಇಳಿಯುವಾಗ ಹಿಂದಿನ ಭಾರ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ ಅನಿಸುತ್ತದೆ. ಬ್ರೇಕನ್ನ ನಂಬಿಕೊಳ್ಳದೆ ಗೇರಲ್ಲೇ ಇಳಿಸು ಅಂದರು ಅಪ್ಪ. ಟೈರು ಅಲುಗಲಿಲ್ಲ.

ನೀನು ಬೆಟ್ಟದಲ್ಲಿ ಕಾರು ಎಳೆಯೋಕೆ ಅಳಿಯಂದಿರು ಒಪ್ಪಿದ್ದಾರಾ ಅಂತ ಕೇಳಿದರು. ನಾನು ಇವರನ್ನು ಕೇಳಿಯೇ ಇಲ್ಲ ಅನ್ನೋದು ಆಗ ಹೊಳೆಯಿತು.

ಆಗಸ್ಟ್ 10, ಭಾನುವಾರ

ಬೆಳಿಗ್ಗೆ ಫೋನು ಬಂತು. ಕಲ್ಲತ್ತಿಗಿರಿಯಿಂದ ಮೇಲೆ, ತಿರುವಿನಲ್ಲಿ ಒಂದು ಕಾರು ಕ್ಲಚ್ ಸುಟ್ಟುಕೊಂಡು ನಿಂತಿದೆಯಂತೆ. ದಾವಣಗೆರೆಯವರು, ಜೊತೆಗೆ ವಯಸ್ಸಾದ ತಾಯಿ. ಮಳೆ ಸುರಿಯುತ್ತಿತ್ತು. ನಾಲ್ಕೂ ಟೈರಿಗೆ ಗೇಜ್ ಹಿಡಿದು ನೋಡಿ ಹತ್ತಿದೆ. ಇವರು ಊರುಗೋಲು ಹಾಕಿಕೊಂಡು ಬಂದು, ನಾನೂ ಬತ್ತೀನಿ ಅಂದರು. ಕಾವಲಿಗೆ ಬರುತ್ತಿದ್ದಾರೆ ಅಂದುಕೊಂಡೆ. ಬೇಡ ಅನ್ನಲಿಲ್ಲ. ಪಕ್ಕದ ಸೀಟಿನ ಬಾಗಿಲು ಹಿಡಿದು ಅವರು ಸ್ವಲ್ಪ ಹೊತ್ತು ಹತ್ತದೆ ನಿಂತಿದ್ದರು. ಆಮೇಲೆ ಹತ್ತಿದರು.

ಅಲ್ಲಿ ಹೋಗಿ ನಿಲ್ಲಿಸಿದಾಗ ಕಾರಿನವರು ನನ್ನನ್ನು ದಾಟಿ ಇವರನ್ನು ನೋಡಿ, ಡ್ರೈವರ್ ಬಂದಿಲ್ವ ಸಾರ್ ಅಂದರು. ಇವರೇ ಡ್ರೈವರ್ ಅಂತ ನನ್ನನ್ನು ತೋರಿಸಿದರು ಇವರು. ಆಮೇಲೆ ಆ ಮನುಷ್ಯ ಕೊಂಡಿಯನ್ನ ಮೂರು ಸಲ ಎಳೆದು ನೋಡಿದ. ನನಗೆ ಸಿಟ್ಟು ಬರಲಿಲ್ಲ. ನಾನಾಗಿದ್ದರೂ ಎಳೆದು ನೋಡುತ್ತಿದ್ದೆ.

ನಮ್ಮ ಗಾಡಿ ಎರಡು ಸಾಲು ಸೀಟಿನದು, ತಾಯಿಯನ್ನ ಅದರ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಮಗ ಕಾರಿನ ಸ್ಟೇರಿಂಗ್ ಹಿಡಿದ. ಎರಡನೇ ಗೇರಿನಲ್ಲಿ ಇಳಿಸುತ್ತಾ ಬಂದೆ. ರಸ್ತೆಯ ಮೇಲೆ ನೀರು ಹರಿಯುತ್ತಿತ್ತು. ಹಿಂದಿನ ಕಾರು ತಳ್ಳುತ್ತಿತ್ತು, ಟೈರು ಹಿಡಿದುಕೊಂಡಿತ್ತು. ಆ ದರೆ ಬಂತು, ಅಲ್ಲಿ ಈಗಲೂ ಮಣ್ಣು ಕಿತ್ತ ಗುರುತು ಇದೆ. ಇವರ ಕೈ ಡ್ಯಾಶ್‌ಬೋರ್ಡ್ ಹಿಡಿದಿತ್ತು. ಅದನ್ನು ದಾಟಿ ಸ್ವಲ್ಪ ಕೆಳಗೆ ಬಂದಾಗ ಹಿಂದಿನ ಎಡಗಡೆಯಿಂದ ಟಕ್ ಟಕ್ ಅಂತ ಸದ್ದು.

ಅಗಲ ಇದ್ದ ಕಡೆ ನಿಲ್ಲಿಸಿದೆ. ಮೊದಲಾಗಿದ್ದರೆ ಇವರು, ಏನಿಲ್ಲ ಹೋಗು ಅನ್ನುತ್ತಿದ್ದರು. ಇವತ್ತು ಸ್ಕ್ರೂಡ್ರೈವರ್ ತೆಗೆದು ಕೈಗೆ ಕೊಟ್ಟರು. ನಾನು ಇಳಿದು ಮಳೆಯಲ್ಲಿ ಕೂತು ಟೈರಿನ ಮೇಲೆ ಕೈಯಾಡಿಸಿದೆ. ಗೀರಿನಲ್ಲಿ ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು. ಸ್ಕ್ರೂಡ್ರೈವರ್‌ನಿಂದ ತೆಗೆದೆ. ಕಲ್ಲು ಅಂತ ಕಣ್ಣಿಗೆ ಕಂಡರೂ ಸುಮ್ಮನಾಗಲಿಲ್ಲ, ಗೇಜ್ ಹಿಡಿದು ನೋಡಿದೆ. ತಲೆ ಎತ್ತಿದರೆ ಇವರು ಊರುಗೋಲಿನ ಮೇಲೆ ನಿಂತು, ನನ್ನ ತಲೆಯ ಮೇಲೆ ಛತ್ರಿ ಹಿಡಿದಿದ್ದರು. ಅವರ ಬೆನ್ನು ಪೂರ್ತಿ ನೆನೆದಿತ್ತು. ಆ ಕಾಲಿಗೆ ಇಳಿಯಬೇಡಿ ಅಂತ ಡಾಕ್ಟರು ಹೇಳಿಲ್ವಾ ಅಂತ ಗದರಿದೆ. ಎಷ್ಟಿದೆ ಗಾಳಿ ಅಂತ ಕೇಳಿದರು. ಹೇಳಿದೆ. ಹ್ಞೂಂ ಅಂದರು.

ಆ ಅಜ್ಜಿ ಲಿಂಗದಹಳ್ಳಿ ಬರೋವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದರು. ಇಳಿಯುವಾಗ ನನ್ನ ಕೈ ಹಿಡಿದು, ನೀನು ನಿಲ್ಲಿಸಿ ನೋಡಿದ್ಯಲ್ಲವ್ವಾ, ಆಮೇಲೆ ನಿದ್ದೆ ಬಂತು ಅಂದರು.

ಆಗಸ್ಟ್ 14, ಗುರುವಾರ

ಮೂರು ದಿನ ರಜೆಯಂತೆ, ಫೋನು ಬಿಡುವಿಲ್ಲ. ಅಡುಗೆ ಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ. ಜಗುಲಿಯ ಮೇಲೆ ಇವರು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು.

"ಈಗಲೇ ಹೊರಡಿ ಅಂದ್ರೆ ಆಗಲ್ಲ ಸಾರ್. ನಮ್ಮ ಮನೆಯವರು ಟೈರು ನೋಡದೆ ಗಾಡಿ ತೆಗೆಯಲ್ಲ. ನಾನು ಹೇಳಿದ್ರೂ ಕೇಳಲ್ಲ, ಅವರೇ ನೋಡ್ಬೇಕು."

ಹೊಗಳಿದ್ದೋ ದೂರು ಹೇಳಿದ್ದೋ ಗೊತ್ತಾಗಲಿಲ್ಲ. ಇಣುಕಿ ಮುಖ ನೋಡಿದೆ, ಮುಖದಲ್ಲೂ ಗೊತ್ತಾಗಲಿಲ್ಲ. ಮುದ್ದೆ ಇಳಿಸಿ, ಕೈ ತೊಳೆದುಕೊಂಡು, ಟೈರು ನೋಡೋಕೆ ಹೋದೆ.